ತಂತಿ ಬಿಗಿದ ಬಾಯಿಗೆ ಹಬ್ಬದ ಸಿಹಿ

ಕನ್ನಡ ನಾಡು ಒಂದಾದ ವರ್ಷದ ದೀಪಾವಳಿ. ಬೆಟಗೇರಿಯ ನೇಕಾರರ ಓಣಿಯಲ್ಲಿ ಮನೆಮನೆಯಲ್ಲೂ ಕರ್ಜಿಕಾಯಿ ಕರಿಯುತ್ತಿದ್ದರೆ, ವಿಧವೆ ರತ್ನವ್ವ ಮಗಳಿಗೆ ಏನು ಮಾಡಲೆಂದು ತಿಳಿಯದೆ ಒಲೆಯ ಮುಂದೆ ಕೂತಿದ್ದಳು. ಮದುವೆಯಾದ ವರ್ಷವೇ ಮಗಳು ಬನಶಂಕರೆವ್ವ ದವಡೆ ಮುರಿದುಕೊಂಡು ತವರಿಗೆ ಬಂದಿದ್ದಳು. ಬಚ್ಚಲಲ್ಲಿ ಜಾರಿಬಿದ್ದೆ ಎಂದಿದ್ದಳು. ದವಾಖಾನೆಯವರು ಮೇಲಿನ, ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದು, ಅಗಿಯುವಂಥದ್ದು ಏನೂ ಕೊಡಬೇಡಿ ಎಂದಿದ್ದರು.

ಉಂಡೆ, ಹೋಳಿಗೆ ಆಗದು. ಹುಗ್ಗಿಯ ಗೋಧಿ ತಂತಿಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಹೆಸರುಬೇಳೆಯನ್ನು ನುಣ್ಣಗೆ ಅರೆದು, ಹಾಲು ಬೆಲ್ಲ ಬೆರೆಸಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟಳು. ಮಗಳು ಹಲ್ಲಿನ ಸಂದಿಯಿಂದ ಮೆಲ್ಲಗೆ ಹೀರಿದಳು.

"ನಾಳೆ ಅಳಿಯಾ ಹಬ್ಬಕ್ಕ ಬರ್ತಾರ. ಅವರಿಗೆ ಹೋಳಿಗಿ ಮಾಡಬೇಕು," ಎಂದಳು ರತ್ನವ್ವ.

ಬನಶಂಕರೆವ್ವ ಬಟ್ಟಲನ್ನು ಕೆಳಗಿಟ್ಟಳು. "ನಾ ಜಾರಿ ಬಿದ್ದಿಲ್ಲವ್ವಾ," ಎಂದಳು, ಬಿಗಿದ ಹಲ್ಲುಗಳ ಒಳಗಿಂದಲೇ.

ಮರುದಿನ ಅಳಿಯ ಬಂದಾಗ ರತ್ನವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಹೊಳ್ಳಿ ಹೋಗ್ರಿ. ನನ್ನ ಮಗಳನ್ನ ಇನ್ನ ಕಳಸೂದಿಲ್ಲ."

ಅವನು ಹೋದ. ಹಬ್ಬದ ದಿನ ಅಳಿಯನನ್ನು ಹಸಿದ ಹೊಟ್ಟೆಯಲ್ಲಿ ಅಟ್ಟಿದವಳೆಂದು ಓಣಿಯ ಹೆಂಗಸರು ಆಮೇಲೆ ಆ ಮನೆಗೆ ಕಾಲಿಡಲಿಲ್ಲ.