ತೊಳೆದ ಸೀರೆ

ಮೊನ್ನೆ ಬೆಳಿಗ್ಗೆ ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ತನ್ನ ಎಂಟು ತಿಂಗಳ ಮಗುವನ್ನು ಬಿಡಲು ಬಂದಳು. ಪೀಣ್ಯದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮಕ್ಕಳನ್ನು ನೋಡಿಕೊಳ್ಳಲು ಶುರುಮಾಡಿ ತಿಂಗಳಾಗಿದೆ, ಅಷ್ಟೆ. ಅವಳು ಕೊಟ್ಟ ಕವರು ಬಿಚ್ಚಿದರೆ ಸೋಪಿನ ಪುಡಿಯ ವಾಸನೆ ಗಮ್ಮೆಂದಿತು. ಜೋಲಿಗೆ ತೊಳೆಯದ ಸೀರೆ ತಾ ಎಂದು ಎರಡು ಸಲ ಹೇಳಿದ್ದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು... ಒಂದು ಕಾಲಕ್ಕೆ ನಾನೂ ಒಬ್ಬಳನ್ನು ಹಾಗೆ ನೋಡಿದ್ದೆ.

ಆಗ ನಾನು ಬೋಲ್ಟ್ ಕಾರ್ಖಾನೆಯೊಂದರಲ್ಲಿ ಚೆಕಿಂಗ್ ಕೆಲಸದಲ್ಲಿದ್ದೆ. ಹತ್ತು ಬೋಲ್ಟ್ ಸರಿಯಿದ್ದರೆ ಹನ್ನೊಂದನೆಯದರ ಮೇಲೆ ಅನುಮಾನಪಡುವುದಕ್ಕೇ ಸಂಬಳ. ಆ ಗುಣವನ್ನು ಗೇಟಿನಲ್ಲಿ ಬಿಟ್ಟು ಬರಲಾಗುತ್ತದೆಯೇ? ಹಾಲಿನವನನ್ನೂ ನಾನು ನಂಬುತ್ತಿರಲಿಲ್ಲ. ಮಗಳಿಗೆ ಏಳು ತಿಂಗಳಾದಾಗ ರಜೆ ಮುಗಿಯಿತು. ನಮ್ಮ ವಠಾರದ ಕೊನೆಯ ಮನೆಯಲ್ಲಿ ಯಾದಗಿರಿ ಕಡೆಯ ಅಕ್ಕ ಒಬ್ಬಳಿದ್ದಳು. ಸೊಂಟ ಹಿಡಿದು ಗಾರೆ ಕೆಲಸ ಬಿಟ್ಟಿದ್ದಳು. ‘ಕೂಸುಗಳನ್ನು ನೋಡಿಕೊಳ್ಳುತ್ತೇವೆ’ ಎಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದ್ದಳು. ಇದೂ ಕೈಹಿಡಿಯದಿದ್ದರೆ ಅವಳಿಗೆ ಊರಿನ ಬಸ್ಸೇ ಗತಿ.

“ಜೋಲಿ ಕಟ್ಟಾಕ ನಿಮ್ದೊಂದು ಸೀರಿ ಕೊಡ್ರಿ ಅಕ್ಕಾರ. ತೊಳದಿದ್ದು ಬ್ಯಾಡ್ರಿ, ನಿನ್ನಿ ಉಟ್ಟಿದ್ದು ಹಂಗ ಕೊಡ್ರಿ” ಎಂದಳು.

ಉಟ್ಟ ಬಟ್ಟೆ, ಉದುರಿದ ಕೂದಲು ಕಂಡವರ ಕೈಗೆ ಸಿಕ್ಕರೆ ಮಾಟ ಮಾಡಿಸುತ್ತಾರೆಂದು ಕೇಳಿಕೊಂಡೇ ಬೆಳೆದವಳು ನಾನು. ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಎರಡು ಸಲ ನೆನೆಸಿ, ಒಗೆದು, ಬಿಸಿಲಿಗೆ ಒಣಗಿಸಿದ ಸೀರೆ ಕೊಟ್ಟೆ. ಅವಳು ಅದನ್ನು ಮೂಸಿ ನೋಡಿ, ಒಳಗಿಟ್ಟಳು. ಮೂಸಿದ್ದಕ್ಕೂ ನನಗೆ ಅನುಮಾನ.

ಒಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಹೇಳದೆ ಕೇಳದೆ ಬಂದು ಅವಳ ಮನೆಯ ಕಿಟಕಿಯಲ್ಲಿ ಇಣುಕಿದೆ. ಐದು ಜೋಲಿಗಳಲ್ಲಿ ಐದು ಮಕ್ಕಳು ಗಾಢ ನಿದ್ದೆಯಲ್ಲಿದ್ದವು. ನನ್ನ ಮಗಳೊಬ್ಬಳೇ ಅವಳ ಹೆಗಲ ಮೇಲೆ ಅಳುತ್ತಿದ್ದಳು. ಬೇರೆ ಯಾರೇ ಆದರೂ, ಪಾಪ, ಎತ್ತಿಕೊಂಡೇ ತಿರುಗುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ನನಗೆ ಹೊಳೆದದ್ದೇ ಬೇರೆ: ಎಲ್ಲಕ್ಕೂ ಏನೋ ಕುಡಿಸಿದ್ದಾಳೆ, ನನ್ನ ಮಗಳು ಮಾತ್ರ ಉಗಿದಿದ್ದಾಳೆ! ಮಗಳನ್ನು ಎತ್ತಿಕೊಂಡು ಮನೆಗೆ ಬಂದು ಅವಳ ಬಾಯಿಯ ಹತ್ತಿರ ಮೂಗಿಟ್ಟು ನೋಡಿದೆ. ಹಾಲಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಮಾರನೆಯ ದಿನ ನಲ್ಲಿಯ ಹತ್ತಿರ ಉಳಿದ ತಾಯಂದಿರಿಗೆ ಹೇಳಿಯೇಬಿಟ್ಟೆ.

“ಐದೈದು ಮಕ್ಳು ಒಟ್ಟಿಗೆ ಹಂಗೆ ಮಲಗ್ತಾವೇನ್ರೀ? ಏನೋ ಕುಡಿಸ್ತಾಳೆ ಕಣ್ರೀ.”

ಅಷ್ಟೇ ಸಾಕಾಯಿತು. ವಾರದೊಳಗೆ ಅವಳ ಮನೆಯಲ್ಲಿ ಒಂದು ಮಗುವೂ ಉಳಿಯಲಿಲ್ಲ. ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಶನಿವಾರ ಸಂಜೆ ಅವಳೇ ನನ್ನ ಬಾಗಿಲಿಗೆ ಬಂದು ಸೀರೆ ಹಿಂದಿರುಗಿಸಿದಳು.

“ಇದರಾಗ ನಿಮ್ಮ ವಾಸ್ನಿ ಇಲ್ರಿ ಅಕ್ಕಾರ. ಅವ್ವನ ಮಗ್ಗಲಾಗ ಅದೀವಿ ಅಂತ ತಿಳಕೊಂಡು ಉಳಿದ ಕೂಸು ಮಕ್ಕೋತಿದ್ವು. ನಿಮ್ಮ ಕೂಸಷ್ಟ ಹುಡುಕ್ತಿತ್ತು.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಸುದ್ದಿ ಹಬ್ಬಿಸಿದ್ದು ನಾನೇ ಎಂದು ಗೊತ್ತಿತ್ತೋ ಇಲ್ಲವೋ... ಇವತ್ತಿಗೂ ತಿಳಿಯದು.

ಆಗಲೂ ನಾನು ನಂಬಲಿಲ್ಲ, ನೋಡಿ. ಪರೀಕ್ಷೆ ಮಾಡಿದೆ. ಭಾನುವಾರ ಮಧ್ಯಾಹ್ನ, ಹಿಂದಿನ ದಿನ ಕಾರ್ಖಾನೆಗೆ ಉಟ್ಟಿದ್ದ, ಬೆವರು, ಎಣ್ಣೆ ನಾರುವ ಸೀರೆಯಲ್ಲೇ ಜೋಲಿ ಕಟ್ಟಿದೆ. ಮಗಳು ಸೆರಗಿನ ತುದಿಗೆ ಮೂಗು ತಿಕ್ಕಿದಳು. ನಾನು ತೂಗುವ ಮೊದಲೇ ನಿದ್ದೆಹೋದಳು. ನಾಚಿಕೆಯಿಂದ ನನಗೆ ಅಳುವೇ ಬಂತು. ಓಡಿದೆ. ಅವಳ ಮನೆಗೆ ಬೀಗ ಬಿದ್ದಿತ್ತು. ಬಾಗಿಲ ಮೇಲಿನ ಅಕ್ಷರಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಹೋಗಿದ್ದಳು. ಯಾದಗಿರಿ ಕಡೆ ಎನ್ನುವುದು ಬಿಟ್ಟರೆ ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ. ನನಗೂ.

ಮೊನ್ನೆ ಆ ಹುಡುಗಿಗೆ ವಾಸನೆಯ ವಿಷಯ ಬಿಡಿಸಿ ಹೇಳಿದೆ. ಅವಳ ಮುಖ ಸಡಿಲವಾಯಿತು. ಹೆಗಲ ಮೇಲಿದ್ದ ವೇಲನ್ನೇ ತೆಗೆದು ಮಗುವಿನ ಪಕ್ಕ ಇಟ್ಟಳು.

“ಇದೆಲ್ಲ ಯಾರ್ ಹೇಳ್ಕೊಟ್ರು ಆಂಟಿ?”

“ನಮ್ ವಠಾರದಲ್ಲಿ ಒಬ್ರು ಅಕ್ಕ ಇದ್ರು.”

“ಈಗೆಲ್ಲಿದ್ದಾರೆ?”

“ಊರಿಗ್ ಹೋದ್ರು” ಎಂದೆ. ಯಾಕೆ ಹೋದಳೆಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ, ಇಂಥವಳ ಕೈಯಲ್ಲಿ ಮಗು ಬಿಡುವುದೇ ಎಂದು ಎತ್ತಿಕೊಂಡು ಹೋದಾಳೆಂಬ ಅನುಮಾನ.