ನಾಲ್ಕರಿಂದ ಆರರ ಕ್ಲಾಸು

ಕ್ಲಾಸಿಗೆ ಹೋಗಿ ಪ್ರೋಗ್ರಾಮಿಂಗ್ ಕಲಿಯುವವರನ್ನು ಕಂಡರೆ ನನಗೆ ಅಸಡ್ಡೆಯಿತ್ತು. ಎಲ್ಲವೂ ಮೊಬೈಲಿನಲ್ಲೇ ಬಿಟ್ಟಿ ಸಿಗುವಾಗ ಬೆಂಚಿನ ಮೇಲೆ ಕೈಕಟ್ಟಿ ಕೂರಲು ನಾವೇನು ಮೂರನೇ ಕ್ಲಾಸಿನ ಮಕ್ಕಳೇ ಎಂದು ಗಂಡನ ಮುಂದೆ ಭಾಷಣ ಬಿಗಿದಿದ್ದೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಕದ್ರಿಯ ಒಂದು ಸಾಫ್ಟ್‌ವೇರ್ ಕಂಪೆನಿಗೆ ಅರ್ಜಿ ಹಾಕಿದ್ದೆ. ಮೂರು ತಿಂಗಳಲ್ಲಿ ಅವರ ಪರೀಕ್ಷೆ. ಮದುವೆಗೆ ಮುಂಚೆ ಕಲಿತದ್ದೆಲ್ಲ ಮರೆತುಹೋಗಿತ್ತು, ಆದರೆ ಆ ಕೆಲಸ ನನಗೆ ಬೇಕೇ ಬೇಕಿತ್ತು. ದಿನಕ್ಕೆ ಎರಡು ಗಂಟೆ ಕೂತರೆ ಸಾಕು ಎಂದು ಉರ್ವದ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ.

ನೀವೇ ಕೂತು ಕಲಿಯಿರಿ ಎಂದು ವಿಡಿಯೋದಲ್ಲಿ ಉಪದೇಶ ಮಾಡುವ ಮಹಾನುಭಾವರಲ್ಲಿ ಒಬ್ಬನೂ ಯಾರ ಮನೆಯ ಸೊಸೆಯೂ ಅಲ್ಲ. ನಾನೊಂದು ಲೂಪ್ ಬರೆಯತೊಡಗಿದರೆ ಜಗಲಿಯಿಂದ ಮಾವ ಚಹಾಕ್ಕೆಂದು ಅತ್ತೆಯನ್ನು ಕರೆಯುತ್ತಿದ್ದರು, ಅಡುಗೆಮನೆಯಿಂದ ಅತ್ತೆ ನನ್ನನ್ನು ಕರೆಯುತ್ತಿದ್ದರು.

"ಎಂತ ಮಾಡ್ತಾ ಇದ್ದಿ?"

"ಕಲೀತಾ ಇದ್ದೇನೆ ಅತ್ತೆ."

"ಹಾಗಾದ್ರೆ ಕೆಲಸ ಎಂತ ಇಲ್ಲ, ಅಲ್ವಾ? ಈ ಬಂಗುಡೆ ಸ್ವಲ್ಪ ಕ್ಲೀನ್ ಮಾಡಿ ಕೊಡು."

ಮೀನು ಮುಗಿಸಿ ಬರುವಷ್ಟರಲ್ಲಿ ತೆರೆದ ಬ್ರಾಕೆಟ್ ಯಾವುದು, ಮುಚ್ಚಬೇಕಾದದ್ದು ಯಾವುದು, ಒಂದೂ ತಿಳಿಯುತ್ತಿರಲಿಲ್ಲ. ಅಳು ಬರುತ್ತಿತ್ತು, ಅದಕ್ಕೂ ಪುರುಸೊತ್ತಿರಲಿಲ್ಲ. ಹೀಗೆ ಒಂದು ತಿಂಗಳು ನೀರಿನಲ್ಲಿ ಹೋಮ ಮಾಡಿದ ಹಾಗೆ ಹೋಯಿತು.

ಕೊನೆಗೆ ನಾಚಿಕೆ ಬಿಟ್ಟು, ಮಾರ್ಕೆಟ್ ಹತ್ತಿರದ ಮೆಡಿಕಲ್ ಶಾಪಿನ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ನಾಲ್ಕರಿಂದ ಆರು. ಫೀಸು ಕಟ್ಟಿದ ವಿದ್ಯೆಗೆ ಇರುವ ಮರ್ಯಾದೆಯೇ ಬೇರೆ. ಮೂರೂವರೆಗೇ ಅತ್ತೆ, "ಹೊರಡು, ಕ್ಲಾಸಿಗೆ ಲೇಟಾಗ್ತದೆ" ಎನ್ನತೊಡಗಿದರು. ಮಾವ ಬಂದವರಿಗೆಲ್ಲ ಸೊಸೆಯ ಕ್ಲಾಸಿನ ಸುದ್ದಿ ಹೇಳಿದರು.

ಅಲ್ಲಿ ಕಲಿಸುವ ಸರ್ ಮೊದಲ ವಾರವಿಡೀ ಚಹಾ ಮಾಡುವ ಫ್ಲೋಚಾರ್ಟ್ ಬರೆಸಿದರು. ಹಾಲು ಉಂಟೇ? ಇಲ್ಲದಿದ್ದರೆ ಅಂಗಡಿಗೆ ಹೋಗು. ಈ ಮನುಷ್ಯ ಜನ್ಮದಲ್ಲಿ ಚಹಾ ಮಾಡಿಲ್ಲ ಎಂಬುದು ಬೋರ್ಡ್ ನೋಡಿದರೇ ಗೊತ್ತಾಗುತ್ತಿತ್ತು. ಚಹಾಪುಡಿ ಹಾಕುವ ಮೊದಲೇ ಸೋಸಿಬಿಟ್ಟಿದ್ದರು. ಎರಡನೇ ವಾರ ನಾನು ಕೊನೆಯ ಬೆಂಚಿಗೆ ಹೋದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಮನೆಯಲ್ಲಿ ಅರ್ಧಕ್ಕೆ ನಿಂತಿದ್ದ ಅದೇ ಬಿಟ್ಟಿ ಪಾಠಗಳನ್ನು ಮುಂದುವರಿಸಿದೆ. ಎರಡು ಗಂಟೆ ಯಾರೂ ಕರೆಯಲಿಲ್ಲ. ಎಷ್ಟು ಸುಖವಾಗಿತ್ತೆಂದರೆ ತೆರೆದ ಬ್ರಾಕೆಟ್‌ಗಳೆಲ್ಲ ತಾವಾಗಿಯೇ ಮುಚ್ಚಿಕೊಂಡಂತಿತ್ತು.

ಒಂದು ದಿನ ಸರ್ ಹಿಂದೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ, ಅವರು ಹೆಡ್‌ಫೋನ್ ತೆಗೆದುಕೊಂಡು ತಮ್ಮ ಕಿವಿಗೆ ಸಿಕ್ಕಿಸಿಕೊಂಡರು.

"ಚೆಂದ ಹೇಳ್ತಾನೆ ಮಾರಾಯ್ರೆ ಇವ. ಲಿಂಕ್ ಕಳಿಸಿ ಮೇಡಂ."

ಮರುದಿನ ಆ ಪಾಠವನ್ನೇ ಬೋರ್ಡಿನಲ್ಲಿ ಬರೆದು, ಇಂಪಾರ್ಟೆಂಟ್ ಎಂದು ಎಲ್ಲರಿಂದ ಅಡಿಗೆರೆ ಹಾಕಿಸಿದರು.

ಪರೀಕ್ಷೆ ಪಾಸಾಯಿತು, ಕೆಲಸ ಸಿಕ್ಕಿತು. ಸರ್ ನನ್ನ ಫೋಟೋವನ್ನು ಮೆಟ್ಟಿಲ ಬುಡದಲ್ಲಿ ಅಂಟಿಸಿ, ತಮ್ಮ ಕ್ಲಾಸಿನ ಸಾಧಕಿ ಎಂದು ಬರೆಸಿದರು. ಮಾವ ಹೋಗಿ ನೋಡಿ ಬಂದರು. ಅತ್ತೆಯ ಹತ್ತಿರ ಮಾತ್ರ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ತೆಂಗಿನಕಾಯಿ ತುರಿಯುತ್ತಿದ್ದ ಅವರ ಪಕ್ಕ ಕೂತು, "ಅಲ್ಲಿ ಎಂತ ಕಲಿಸಲಿಲ್ಲ ಅತ್ತೆ. ಹಿಂದಿನ ಬೆಂಚಲ್ಲಿ ನಾನೇ ಕೂತು ಕಲಿತದ್ದು, ಎರಡು ಗಂಟೆ ಕರೀಲಿಕ್ಕೆ ಯಾರೂ ಇರ್ಲಿಲ್ಲ" ಎಂದೆ.

ಫೀಸು ದಂಡ ಎನ್ನುತ್ತಾರೆ ಎಂದು ಕಾದೆ. ಅಷ್ಟರಲ್ಲಿ ಜಗಲಿಯಿಂದ ಮಾವನ ಸ್ವರ ಬಂತು, ಚಹಾ. ಅತ್ತೆ ಕೈ ತೊಳೆದು ಎದ್ದರು, ಪಾತ್ರೆಗೆ ನೀರು ಹಾಕಿದರು, ಒಲೆ ಹೊತ್ತಿಸಲಿಲ್ಲ.

"ಆ ಸರ್ ಹತ್ರ ನನಗೂ ಒಂದು ಸೀಟ್ ಉಂಟಾ ಕೇಳು."

"ನಿಮಗೆ ಎಂತ ಕಲೀಲಿಕ್ಕೆ ಅತ್ತೆ?"

"ಎಂತ ಬೇಡ. ಹಿಂದಿನ ಬೆಂಚಾದ್ರೆ ಸಾಕು."