ಪೂಜೆಗಿಟ್ಟ ಕೀ

ಅಗ್ರಹಾರದಲ್ಲಿ ನನ್ನ ಸೋದರತ್ತೆಯ ಮನೆಯ ಮುಂದಿನ ಕೋಣೆಯೇ ನನ್ನ ರೆಕಾರ್ಡಿಂಗ್ ಸ್ಟುಡಿಯೊ. ಒಂದು ಕಂಪ್ಯೂಟರು, ಒಂದು ಮೈಕು, ಸದ್ದು ಹೀರಲು ಗೋಡೆಗೆ ಹೊಡೆದ ಹಳೆಯ ಜಮಖಾನ. ಹಾಡನ್ನು ತಿದ್ದುವ ಸಾಫ್ಟ್‌ವೇರಿಗೆ ಪ್ಲಗಿನ್ ಎಂಬ ಸಣ್ಣಪುಟ್ಟ ಸಲಕರಣೆಗಳನ್ನು ಬೇರೆಯಾಗಿ ಕೊಂಡು ಸೇರಿಸಿಕೊಳ್ಳಬೇಕು. ನನ್ನ ಹತ್ತಿರ ಒಡೆದ ದನಿಯನ್ನು ನಯ ಮಾಡುವ ಒಂದು ಪ್ಲಗಿನ್ ಇದೆ. ಅದರ ಲೈಸೆನ್ಸ್ ಇರುವುದು ಕಂಪ್ಯೂಟರಿನ ಒಳಗಲ್ಲ, ಹಿಂಭಾಗದಲ್ಲಿ ಸಿಕ್ಕಿಸುವ ಹೆಬ್ಬೆರಳಿನಷ್ಟು ಗಾತ್ರದ ತುಂಡಿನಲ್ಲಿ. ನಾವು ಅದನ್ನು ಕೀ ಎನ್ನುತ್ತೇವೆ.

ಆಯುಧಪೂಜೆಯ ಬೆಳಿಗ್ಗೆ ಅತ್ತೆ ಕಂಪ್ಯೂಟರ್ ಒರೆಸುವಾಗ ಅದನ್ನು ಕಿತ್ತು, ಮನೆಯ ಬೀಗದ ಕೈ, ಸ್ಕೂಟರ್ ಕೀಗಳ ಜೊತೆ ತಟ್ಟೆಯಲ್ಲಿಟ್ಟಿದ್ದರು. ನಾನು ನೋಡುವ ಹೊತ್ತಿಗೆ ಗಂಧ, ಕುಂಕುಮ ಅದರ ಬಾಯೊಳಗೇ ಹೋಗಿ ಒಣಗಿದ್ದವು.

"ಕೀ, ಕೀ ಅಂತ ನೀನೇ ತಾನೇ ಅಂತಿದ್ದದ್ದು? ಕೀ ಅಂದ್ಮೇಲೆ ಪೂಜೆ ಬೇಡ್ವೇನೋ?" ಎಂದರು ಅತ್ತೆ.

ವಿಜಯದಶಮಿ ಕಳೆದ ಮೇಲೆ ಅದನ್ನು ಒರೆಸಿ ಸಿಕ್ಕಿಸಿದೆ. ಅದರ ದೀಪ ಹತ್ತಲಿಲ್ಲ. ಆದರೆ ಸಾಫ್ಟ್‌ವೇರ್ ತೆರೆದಾಗ ಪಟ್ಟಿಯಲ್ಲಿ ಪ್ಲಗಿನ್ನಿನ ಹೆಸರು ಎಂದಿನಂತೆ ಇತ್ತು. ಪ್ರತಿ ಸಲವೂ ಎಲ್ಲವನ್ನೂ ಹೊಸದಾಗಿ ಹುಡುಕಿದರೆ ತಡವಾಗುತ್ತದೆಂದು, ಸಾಫ್ಟ್‌ವೇರ್ ಹಿಂದೊಮ್ಮೆ ಕಂಡದ್ದನ್ನು ನೆನಪಿಟ್ಟುಕೊಂಡು ಆ ನೆನಪನ್ನೇ ತೋರಿಸುತ್ತದೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಹೆಸರು ಕಾಣುವುದು ಬೇರೆ, ಬಳಸಲು ಅಪ್ಪಣೆ ಇರುವುದು ಬೇರೆ. ಗೊತ್ತಿದ್ದೂ ಹೆಸರು ಕಂಡು ಸಮಾಧಾನಪಟ್ಟುಕೊಂಡೆ.

ಅಂದೇ ಮೇಟಗಳ್ಳಿಯಿಂದ ಒಬ್ಬ ಅಕ್ಕ ಬಂದರು. ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ, ಸಂಜೆ ಭಜನೆ ತಂಡದಲ್ಲಿ ಹಾಡು. ಮಗಳ ಮದುವೆಗೆಂದು ಒಂದು ಆರತಿ ಹಾಡನ್ನು ನನ್ನಲ್ಲಿ ಹಾಡಿ ಹೋಗಿದ್ದರು. ಕೆಲವು ತಿಂಗಳಿಂದ ಅವರ ಗಂಟಲು ಕಟ್ಟುತ್ತಿತ್ತು. ದನಿ ಒಡೆದ ಕಡೆಯೆಲ್ಲ ಸರಿಮಾಡಿದ್ದೇನೆಂದು ಹೇಳಿಯೇ ಹಾಡು ಕೊಟ್ಟಿದ್ದೆ. "ಮದುಮಗಳಿಗೆ ಪೌಡರ್ ಹಾಕ್ದಂಗೆ, ಅಲ್ವಾ?" ಎಂದು ನಕ್ಕಿದ್ದರು.

ಡಾಕ್ಟರಿಗೆ ತೋರಿಸು ಎಂದು ಪೀಡಿಸುತ್ತಿದ್ದ ಮಗಳಿಗೆ ಅದೇ ಹಾಡು ಕೇಳಿಸಿ ಬಾಯಿ ಮುಚ್ಚಿಸಿದ್ದರಂತೆ.

"ಇದು ಸೀಕಾದ ಗಂಟ್ಲೇನೇ ಅಂತ ಕೇಳ್ದೆ. ಸುಮ್ಕಾಗ್ಬುಟ್ಲು ಕಣಪ್ಪ." ಇಷ್ಟು ಹೇಳುವಷ್ಟರಲ್ಲಿ ನಡುವೆ ನಿಲ್ಲಿಸಿ ನೀರು ಕುಡಿದರು.

ಕೊನೆಯ ಸಾಲಿನಲ್ಲಿ ತಬಲಾ ಸ್ವಲ್ಪ ತಗ್ಗಿಸಬೇಕು, ಅವರು ಬಂದದ್ದು ಅಷ್ಟಕ್ಕೇ. ಹಾಡು ತೆರೆದೆ. ಲೈಸೆನ್ಸ್ ಸಿಗಲಿಲ್ಲ ಎಂಬ ಸೂಚನೆ ಬಂತು. ಅದನ್ನು ಸರಿಸಿ, ಅಭ್ಯಾಸಬಲದಿಂದ ಪ್ಲೇ ಒತ್ತಿದೆ. ಸಾಫ್ಟ್‌ವೇರ್ ಆ ಪ್ಲಗಿನ್ನನ್ನು ಬಿಟ್ಟು ಹಾಡನ್ನು ನುಡಿಸಿತು.

ಎತ್ತರದ ಸ್ವರದಲ್ಲಿ ದನಿ ಒಡೆಯಿತು. ಬರೀ ಗಾಳಿ ಬಂತು. ಮುಂದಿನ ಪದದಲ್ಲಿ ದನಿ ಮರಳಿ, ಮತ್ತೆ ಹೋಯಿತು. ನಿಲ್ಲಿಸಲು ಕೈ ಚಾಚಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದರು.

"ಇದ್ಯಾರು?"

"ನೀವೇ ಅಕ್ಕ. ಅವತ್ತು ಹಾಡಿದ್ದು."

"ಪೌಡರ್ ಇಲ್ದೆ?"

"ಇಲ್ದೆ."

ಕೊನೆಯವರೆಗೂ ಕೇಳಿದರು. ನಾನು ಅವರ ಮುಖ ನೋಡಲಿಲ್ಲ, ತೆರೆಯ ಮೇಲೆ ಸರಿಯುವ ದನಿಯ ಗೆರೆಯನ್ನು ನೋಡುತ್ತಿದ್ದೆ. ಅದು ಎಲ್ಲೆಲ್ಲಿ ಸಣ್ಣದಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಅಲ್ಲೆಲ್ಲ ಅವರ ಹಿಡಿತ ಬಿಗಿಯಾಯಿತು. ಈ ಗೆರೆಗಳನ್ನು ವಾರಗಟ್ಟಲೆ ತಿದ್ದಿದವನು ನಾನು. ಒಡಕನ್ನು ಕೆಲಸವೆಂದು ನೋಡಿದ್ದೆನೇ ಹೊರತು ಅದು ಒಬ್ಬರ ಗಂಟಲು ಎಂದು ನನಗೆ ಹೊಳೆದಿರಲಿಲ್ಲ.

ಹಾಡು ಮುಗಿದ ಮೇಲೆ ಮಗಳಿಗೆ ಫೋನ್ ಮಾಡಿದರು. "ನಾಳೆ ರಜ ಹಾಕೇ. ಗಂಟ್ಲು ತೋರಿಸ್ಬೇಕು." ಅತ್ತ ಕಡೆಯಿಂದ ಏನೋ ಕೇಳಿರಬೇಕು. "ಏನೂ ಆಗಿಲ್ಲ ಕಣೆ. ಹಾಡು ಕೇಳ್ದೆ, ಅಷ್ಟೇ."

ಹೊರಟವರು ಬಾಗಿಲಲ್ಲಿ ನಿಂತರು. "ಈಗ ಕೇಳಿದ್ನಲ್ಲ, ಇದ್ನೂ ಫೋನಿಗೆ ಹಾಕ್ಕೊಡಪ್ಪ. ಡಾಕ್ಟ್ರು ಏನಾಗಿದೆ ಅಂದ್ರೆ ಎಂಗೆ ಹೇಳ್ಲಿ? ಕೇಳಿಸ್ಬುಡ್ತೀನಿ."

ನಾನು ತಬಲಾ, ಹಾರ್ಮೋನಿಯಂ ಎಲ್ಲವನ್ನೂ ತೆಗೆದು, ದನಿಯೊಂದನ್ನೇ ಕಳಿಸಿದೆ.